ಅಶ್ವರಕ್ತದಲ್ಲಿ ಹುಟ್ಟಿದ ಪ್ರತಿವಿಷ

1891ರ ಅಕ್ಟೋಬರ್ ತಿಂಗಳಲ್ಲಿ, ಅಂದು ಫ್ರೆಂಚರ ಆಳ್ವಿಕೆಗೆ ಒಳಪಟ್ಟಿದ್ದ, ಇಂದು ವಿಯೆಟ್ನಾಮಿನ ದಕ್ಷಿಣ ಭಾಗವಾಗಿರುವ ಕೊಚಿನ್ ಚೀನಾದಲ್ಲಿ, ಬಾಕ್ ಲಿಯು ಪಟ್ಟಣದ ಸಮೀಪದ ಹಳ್ಳಿಯೊಂದಕ್ಕೆ ಮಳೆಯ ನೀರು ನುಗ್ಗಿತು. ನೆಲೆ ತಪ್ಪಿದ ನಾಗರಹಾವುಗಳು ಗುಡಿಸಲುಗಳನ್ನು ಹೊಕ್ಕು 40 ಮಂದಿಯನ್ನು ಕಚ್ಚಿದುವು. ಅವರಲ್ಲಿ 4 ಮಂದಿ ಅಸುನೀಗಿದರು. ಸ್ಥಳೀಯ ಹಾವಾಡಿಗನೊಬ್ಬನು 19 ಹಾವುಗಳನ್ನು ಜೀವಸಹಿತ ಹಿಡಿದು ಪೀಪಾಯಿಯಲ್ಲಿ ತುಂಬಲು, ಆ ಪೀಪಾಯಿಯು ಸೈಗಾನ್ ನಗರದಲ್ಲಿ ಸೂಕ್ಷ್ಮಜೀವಿ ಪ್ರಯೋಗಶಾಲೆಯನ್ನು ಕಟ್ಟಲು ಬಂದಿದ್ದ ತರುಣ ವೈದ್ಯ ಆಲ್ಬೇರ್ ಕಾಲ್ಮೆತ್‌ನ ಬಳಿಗೆ ಬಂದಿತು. ಮುಂದೆ ಕ್ಷಯರೋಗದ ಬಿ.ಸಿ.ಜಿ. ಲಸಿಕೆಯ ನಿರ್ಮಾತೃಗಳಲ್ಲಿ ಒಬ್ಬನೆಂದು ಲೋಕಪ್ರಸಿದ್ಧನಾದವನು ಈತನೇ.

ವಿಷವನ್ನು ಅಲ್ಪಾಲ್ಪವಾಗಿ ಕೊಟ್ಟು ದೇಹವನ್ನು ಅದಕ್ಕೆ ಒಗ್ಗಿಸಬಹುದೆಂಬುದು ಅಷ್ಟರಲ್ಲಿಯೇ ತಿಳಿದಿತ್ತು. 1887ರಲ್ಲಿ ಅಮೆರಿಕದ ಹೆನ್ರಿ ಸೂವಲ್ ಇದನ್ನು ಪಾರಿವಾಳಗಳಲ್ಲಿ ತೋರಿಸಿದ್ದನು. ಹಾಗೆ ಒಗ್ಗಿದ ಪ್ರಾಣಿಯ ರಕ್ತರಸವು ಮತ್ತೊಂದು ಪ್ರಾಣಿಯನ್ನು ಕಾಯಬಲ್ಲುದೆಂಬುದನ್ನು 1890ರಲ್ಲಿ ಬೇರಿಂಗ್ ಮತ್ತು ಕಿತಾಸಾತೊ ಧನುರ್ವಾಯುವಿನ ವಿಷಯದಲ್ಲಿ ಸಾಬೀತುಪಡಿಸಿದರು. ಈ ಎರಡು ಎಳೆಗಳನ್ನು ಹಾವಿನ ವಿಷದಲ್ಲಿ ಹೆಣೆದ ಕೀರ್ತಿಯು ಪ್ಯಾರಿಸಿನ ಫಿಸಾಲಿಕ್ಸ್ ಮತ್ತು ಬರ್ತ್ರಾಂ ಜೋಡಿಗೂ ಕಾಲ್ಮೆತ್‌ನಿಗೂ ಸಮನಾಗಿ ಸಲ್ಲಬೇಕು. ಎರಡು ಕಡೆಯವರೂ 1894ರ ಫೆಬ್ರವರಿಯಲ್ಲಿಯೇ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಆದರೆ ಪ್ರಯೋಗವನ್ನು ಔಷಧವಾಗಿ ಮಾರ್ಪಡಿಸಿದವನು ಕಾಲ್ಮೆತ್. ಫ್ರಾನ್ಸಿನ ಲೀಲ್ ನಗರದಲ್ಲಿ ಆತನು ಕುದುರೆಗಳ ಮೊರೆಹೊಕ್ಕನು.

ಕುದುರೆಯೇ ಏಕೆ? ಗಂಟಲುಮಾರಿಯ ಸೀರಮನ್ನು ತಯಾರಿಸುವಾಗ ಎಮಿಲ್ ರೂ ಆ ಮಾರ್ಗವನ್ನು ತೋರಿಸಿದ್ದನು: ದೊಡ್ಡ ದೇಹ, ಹೇರಳವಾದ ರಕ್ತ, ಪಳಗಿಸಿದರೆ ಮನುಷ್ಯನ ಕೈಗೆ ಒಪ್ಪಿಸಿಕೊಳ್ಳುವ ಸ್ವಭಾವ. ಕುದುರೆಗೆ ಅಪಾಯವಾಗದಷ್ಟು ಸೂಕ್ಷ್ಮ ಪ್ರಮಾಣದ ವಿಷವನ್ನು, ರೋಗನಿರೋಧಶಕ್ತಿಯನ್ನು ಕೆರಳಿಸುವ ದ್ರವ್ಯದೊಡನೆ ಬೆರೆಸಿ, ಚರ್ಮದಡಿಯಲ್ಲಿ ಚುಚ್ಚಿ, ವಾರಗಳು ಕಳೆದಂತೆ ಪ್ರಮಾಣವನ್ನು ಏರಿಸುತ್ತ ಹೋದರೆ, ಮೊದಲಿಗೆ ಪ್ರಾಣಹಾರಕವಾಗಬಹುದಾಗಿದ್ದಷ್ಟು ವಿಷವನ್ನು ಅದು ಕಡೆಗೆ ನಿರಾಯಾಸವಾಗಿ ತಾಳಿಕೊಳ್ಳುವುದು. ಅದರ ರಕ್ತದಲ್ಲಿ ಪ್ರತಿಕಾಯಗಳು ತುಂಬಿಕೊಳ್ಳುವುವು. ಬಳಿಕ ಕತ್ತಿನ ರಕ್ತನಾಳದಿಂದ ರಕ್ತವನ್ನು ತೆಗೆದು, ಪ್ಲಾಸ್ಮಾವನ್ನು ಬೇರ್ಪಡಿಸುವರು. ಕೆಂಪು ರಕ್ತಕಣಗಳನ್ನು ಕುದುರೆಗೇ ಹಿಂದಿರುಗಿಸುವ ಪದ್ಧತಿಯು ಈಗ ಉಂಟು. ಅಷ್ಟಾದರೂ ಆ ಮೂಕಪ್ರಾಣಿಗೆ ಮನುಷ್ಯನು ಸಲ್ಲಿಸಬೇಕಾದ ಕನಿಷ್ಠ ಋಣವೆಂದೇ ನಾನು ಭಾವಿಸುತ್ತೇನೆ. ಪ್ಲಾಸ್ಮಾದಲ್ಲಿನ ಪ್ರತಿಕಾಯಗಳಿಂದ ಅನವಶ್ಯಕ ಭಾಗವನ್ನು ಪೆಪ್ಸಿನ್ ಕಿಣ್ವದಿಂದ ಕತ್ತರಿಸಿ, ಶುದ್ಧೀಕರಿಸಿ, ಹೆಪ್ಪುಗಟ್ಟಿಸಿ ಒಣಗಿಸಿದಾಗ ದೊರೆಯುವ ಬಿಳಿಯ ಪುಡಿಯನ್ನು, ಶೀತಪೆಟ್ಟಿಗೆಯಿಲ್ಲದ ಹಳ್ಳಿಯ ಆಸ್ಪತ್ರೆಯಲ್ಲಿಯೂ ಇರಿಸಬಹುದು. ಅನ್ಯಪ್ರಾಣಿಯ ಪ್ರೋಟೀನು ಕೆಲವರ ದೇಹಕ್ಕೆ ಒಗ್ಗದೆ ಉಗ್ರವಾದ ಅಲರ್ಜಿಯು ತಲೆದೋರಬಹುದಾದುದರಿಂದ ವೈದ್ಯರು ಅಡ್ರಿನಲಿನ್ ಸೂಜಿಮದ್ದನ್ನು ಕೈಯಳತೆಯಲ್ಲಿಯೇ ಇಟ್ಟುಕೊಂಡಿರುವರು.

ನಾಗರಹಾವಿನ ಸೀರಮು ಎಲ್ಲ ಹಾವುಗಳ ವಿಷಕ್ಕೂ ಮದ್ದಾಗುವುದೆಂದು ಕಾಲ್ಮೆತ್ ದೃಢವಾಗಿ ನಂಬಿದ್ದನು. ಈ ನಂಬಿಕೆಯನ್ನು ಮುರಿದ ಸಾಕ್ಷ್ಯದ ಒಂದು ಪಾಲು ನಮ್ಮ ದೇಶದಿಂದಲೇ ಹೊರಟಿತು: ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿ ಸಂಶೋಧನೆ ನಡೆಸಿದ ಜಾರ್ಜ್ ಲ್ಯಾಂಬ್, ಕೊಳಕುಮಂಡಲದ ವಿಷದ ಮುಂದೆ ಆ ಸೀರಮು ನಿಷ್ಫಲವೆಂದು ತೋರಿಸಿದನು. ಬ್ರೆಜಿಲ್ ದೇಶದಲ್ಲಿ ವಿಟಾಲ್ ಬ್ರಾಜಿಲ್ ಎಂಬ ವೈದ್ಯನು ಅಲ್ಲಿಯ ಹಾವುಗಳಿಂದ, ಒಂದು ಹಾವಿನ ವಿಷದ ಸೀರಮು ಮತ್ತೊಂದರ ವಿಷಕ್ಕೆ ಮದ್ದಾಗದೆಂಬ ಅದೇ ತತ್ತ್ವವನ್ನು ಕಂಡುಕೊಂಡನು. ನಾಗರದ ವಿಷವು ಪ್ರಧಾನವಾಗಿ ನರಗಳನ್ನು ಸ್ತಬ್ಧಗೊಳಿಸಿದರೆ, ಕೊಳಕುಮಂಡಲದ ವಿಷವು ರಕ್ತವು ಹೆಪ್ಪುಗಟ್ಟುವ ಶಕ್ತಿಯನ್ನೇ ಬರಿದುಮಾಡುವುದು. ಇಂತಹ ಭಿನ್ನ ಶತ್ರುಗಳನ್ನು ಒಂದೇ ಪ್ರತಿಕಾಯವು ಎದುರಿಸುವುದೆಂತು? ಆದುದರಿಂದಲೇ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕೂ ಹಾವುಗಳ ವಿಷವನ್ನು ಬಳಸಿ ತಯಾರಿಸಿದ ಬಹುವಿಷನಿರೋಧಕವು ಭಾರತದಲ್ಲಿ ರೂಢಿಗೆ ಬಂದಿತು. ಕಸೌಲಿಯ ಕೇಂದ್ರೀಯ ಸಂಶೋಧನಾ ಸಂಸ್ಥೆಯೂ ಮುಂಬಯಿಯ ಹಾಫ್‌ಕಿನ್ ಸಂಸ್ಥೆಯೂ ಈ ಕಾರ್ಯದಲ್ಲಿ ಅಗ್ರಗಣ್ಯವಾದುವು.

ಇಂದು ಈ ಔಷಧಕ್ಕೆ ಬೇಕಾದ ವಿಷದ ಬಹುಭಾಗವು ಚೆನ್ನೈ ಸಮೀಪದ ಇರುಳರ ಸಹಕಾರ ಸಂಘದಿಂದ ಬರುವುದು. ಹಾವಿನ ತೊಗಲಿನ ವ್ಯಾಪಾರವು ನಿಷೇಧಗೊಂಡು ಜೀವನೋಪಾಯ ತಪ್ಪಿದ ಆ ಬುಡಕಟ್ಟಿನ ಜನ, ರೋಮುಲಸ್ ವಿಟೇಕರ್ ಅವರ ನೆರವಿನಿಂದ 1978ರಲ್ಲಿ ಸಂಘವನ್ನು ಕಟ್ಟಿಕೊಂಡರು. ಹಾವನ್ನು ಕೆಲವು ವಾರ ಇರಿಸಿಕೊಂಡು, ವಿಷವನ್ನು ತೆಗೆದು, ಹೊಟ್ಟೆಯ ಹುರುಪೆಯಲ್ಲಿ ಗುರುತು ಮಾಡಿ, ಮರಳಿ ಕಾಡಿಗೆ ಬಿಡುವ ಅವರ ಕೌಶಲವಿಲ್ಲದಿದ್ದರೆ ಕುದುರೆಗಳಿಂದ ಪ್ರಯೋಜನವೇನೂ ಇರುತ್ತಿರಲಿಲ್ಲ.

ಆದರೆ ಲ್ಯಾಂಬ್ ಎತ್ತಿದ ಪ್ರಶ್ನೆಯು ಈಗ ಇನ್ನೂ ಸೂಕ್ಷ್ಮವಾಗಿ ಮರಳಿ ಬಂದಿದೆ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಭಿನ್ನವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿರುವರು. ಮಲೆನಾಡಿನ ಗುಳಿಮಂಡಲಗಳಿಗಂತೂ ನಮ್ಮ ಬಹುವಿಷನಿರೋಧಕದಲ್ಲಿ ಸ್ಥಾನವೇ ಇಲ್ಲ. 2000ದಿಂದ 2019ರವರೆಗೆ ದೇಶದಲ್ಲಿ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಜನ ಮೃತಪಟ್ಟಿರಬೇಕೆಂಬ ಅಂದಾಜನ್ನು ಓದಿದವರಿಗೆ ಇದು ಕೇವಲ ವಿದ್ವಾಂಸರ ಚರ್ಚೆಯಾಗಿ ಕಾಣದು. ಹಾವಿನ ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ವರದಿಮಾಡುವುದನ್ನು ಕರ್ನಾಟಕ ಸರ್ಕಾರವು 2024ರಲ್ಲಿ ಕಡ್ಡಾಯಗೊಳಿಸಿರುವುದು ಸ್ತುತ್ಯವಾದುದು. ಯಾವ ತಾಲ್ಲೂಕಿನಲ್ಲಿ ಯಾವ ಹಾವು ಕಚ್ಚುತ್ತಿದೆಯೆಂಬ ಲೆಕ್ಕವು ಒಮ್ಮೆ ಕೈಗೆ ಬಂದರೆ, ಬಯಲುಸೀಮೆ, ಕರಾವಳಿ, ಮಲೆನಾಡುಗಳಲ್ಲಿ ಪ್ರತ್ಯೇಕವಾಗಿ ವಿಷವನ್ನು ಸಂಗ್ರಹಿಸುವ ಕೇಂದ್ರಗಳನ್ನು ತೆರೆಯಲು ಸರ್ಕಾರವು ಹಿಂಜರಿಯಬಾರದು.