ಮಾನವನ ಪೂರ್ವಬಂಧುಗಳು

ಅಣ್ಣಿಗೇರಿ ಎಂದೊಡನೆ ಕಾವ್ಯಾಭಿಮಾನಿಗಳಿಗೆ ಪಂಪನ ನೆನಪಾಗುವುದು ಸಹಜ. ಧಾರವಾಡ ಜಿಲ್ಲೆಯ ಆ ಊರು 2010ನೆಯ ಇಸವಿಯಲ್ಲಿ ಬೇರೊಂದು ಕಾರಣದಿಂದ ಎಲ್ಲರ ಬಾಯಿಗೆ ಬಿತ್ತು. ಚರಂಡಿಗಾಗಿ ನೆಲವನ್ನು ಅಗೆಯುತ್ತಿದ್ದಾಗ ಅಲ್ಲಿ ಮನುಷ್ಯರ ತಲೆಬುರುಡೆಗಳು, ಯಾರೋ ಸಾಲಾಗಿ ಜೋಡಿಸಿಟ್ಟಂತೆ, ನೂರಾರು ಸಂಖ್ಯೆಯಲ್ಲಿ ಹೊರಬಿದ್ದುವು. ಯುದ್ಧದಲ್ಲಿ ಮಡಿದವರೋ, ಕ್ಷಾಮದಲ್ಲಿ ಅಳಿದವರೋ ಎಂಬ ಚರ್ಚೆ ಹುಟ್ಟಿತು. ಅದು ಹೇಗೇ ಇರಲಿ. ಕಾಲನಿರ್ಣಯದ ಪರೀಕ್ಷೆಗಳು ಹೇಳಿದುದು ಕೆಲವು ಶತಮಾನಗಳ ಲೆಕ್ಕವನ್ನು ಮಾತ್ರ. ಎಂದರೆ ಅವು ನಮ್ಮ ನಿಮ್ಮಂತಹವರ ಬುರುಡೆಗಳೇ. ಈ ಹೊತ್ತು ನಾನು ಶ್ರೋತೃಗಳ ಮುಂದಿಡಬೇಕೆಂದಿರುವುದು ಅವರಿಗಿಂತ ಸಾವಿರಾರು ಪಟ್ಟು ಹಿಂದೆ ಇದೇ ಸೀಮೆಯಲ್ಲಿ ಓಡಾಡಿದವರ ವಿಷಯ. ಅವರ ಬುರುಡೆಯಾಗಲಿ, ಬೆರಳಿನ ಎಲುಬಾಗಲಿ ಇಲ್ಲಿ ನಮಗೆ ದೊರೆತಿಲ್ಲ. ಆದರೂ ಅವರು ಇದ್ದುದು ನಿಶ್ಚಯ.

ಈ ನಿಶ್ಚಯ ಬಂದುದು ಕಲ್ಲಿನಿಂದ. ರಾಬರ್ಟ್ ಬ್ರೂಸ್ ಫುಟ್ ಎಂಬ ಭೂವಿಜ್ಞಾನಿ 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಮನುಷ್ಯಕೃತವಾದ ಒಂದು ಶಿಲಾಯುಧವನ್ನು ಕಂಡುಹಿಡಿದು, ಭಾರತದ ಶಿಲಾಯುಗದ ಅಧ್ಯಯನಕ್ಕೆ ನಾಂದಿ ಹಾಡಿದನು. ಅನಂತರ ಅವನು ಧಾರವಾಡ, ಬೆಳಗಾವಿ, ಕಲಾದಗಿ ಸೀಮೆಗಳಲ್ಲಿ ತಿರುಗಿದನು. ನಮ್ಮ ನಾಡಿನ ಅತಿ ಪ್ರಾಚೀನ ಶಿಲಾಸ್ತೋಮಕ್ಕೆ 'ಧಾರವಾಡ' ಎಂಬ ಹೆಸರನ್ನಿಟ್ಟವನೂ ಅವನೇ. ಆ ಬಂಡೆಗಳಲ್ಲಿ ಎಲುಬನ್ನು ಹುಡುಕುವುದು ವ್ಯರ್ಥ; ಅವು 250 ಕೋಟಿ ವರ್ಷಗಳಿಗೂ ಹಿಂದಿನವು, ಆಗ ಎಲುಬುಳ್ಳ ಪ್ರಾಣಿಯೇ ಇರಲಿಲ್ಲ. ಮನುಷ್ಯನ ಕುರುಹುಗಳಿರುವುದು ನದಿಗಳು ತಂದು ಹಾಕಿದ ಗರಸಿನ ಪದರಗಳಲ್ಲಿ. ನವಲಗುಂದದ ಎರೆಭೂಮಿಯಲ್ಲಿ ಹರಿಯುವ ಬೆಣ್ಣೆಹಳ್ಳವು ಕೂಡಿಕೊಳ್ಳುವ ಮಲಪ್ರಭೆಯ ಕಣಿವೆಯಲ್ಲಿ, ಅದರಲ್ಲಿಯೂ ಬಾದಾಮಿಯ ಕಡೆಯ ಖ್ಯಾಡದ ಹತ್ತಿರ, ಗಡುಸಾದ ಬೆಣಚುಗಲ್ಲಿನ ಕೈಗೊಡಲಿಗಳು ಹೇರಳವಾಗಿ ದೊರೆತಿವೆ. ಆರ್. ವಿ. ಜೋಶಿಯವರು ಈ ಕಣಿವೆಯನ್ನು ಕ್ರಮವಾಗಿ ಶೋಧಿಸಿ 1955ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಎರಡು ಮಗ್ಗುಲಿಂದಲೂ ಚಕ್ಕೆಯೆಬ್ಬಿಸಿ, ಒಂದು ತುದಿಯನ್ನು ಚೂಪುಮಾಡಿ, ಇನ್ನೊಂದು ತುದಿ ಅಂಗೈಯಲ್ಲಿ ಕೂಡುವಂತೆ ಬಿಟ್ಟ ಈ ಆಯುಧವನ್ನು ನೋಡಿದರೆ, ಇದು ನದಿಯ ಹೊಡೆತಕ್ಕೆ ತಾನಾಗಿ ಆದದ್ದೆಂದು ಯಾರೂ ಹೇಳಲಾರರು. ಮುಂಚೆಯೇ ಮನಸ್ಸಿನಲ್ಲಿ ಆಕಾರವನ್ನು ಕಲ್ಪಿಸಿಕೊಂಡವನ ಕೆಲಸ ಅದು.

ಇಂತಹ ಆಯುಧಗಳ ಕಾಲವೆಷ್ಟು? ಹುಣಸಗಿಯ ಕಣಿವೆಯ ಇಸಾಂಪುರದಲ್ಲಿ ಕೆ. ಪದ್ದಯ್ಯನವರು ಉತ್ಖನನ ನಡೆಸಿದಾಗ, ಆದಿಮಾನವರು ಸುಣ್ಣಕಲ್ಲನ್ನು ಎಬ್ಬಿಸಿ ಆಯುಧ ಮಾಡುತ್ತಿದ್ದ ಠಾವೇ ಬಯಲಾಯಿತು. ಕಲ್ಲುಗಳೊಡನೆ ದೊರೆತ, ಹುಲ್ಲು ಮೇಯುವ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಲಾಗಿ, ಸುಮಾರು 12 ಲಕ್ಷ ವರ್ಷಗಳ ಪ್ರಾಚೀನತೆ ಕಂಡುಬಂದಿತು. ಹಲ್ಲು ಉಳಿದಿತ್ತು ಎಂಬುದನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಯೋಜನವುಂಟು.

ನಮ್ಮಂತಹ ಮನುಷ್ಯನ ವಯಸ್ಸು ಸುಮಾರು 3 ಲಕ್ಷ ವರ್ಷ; ಅದೂ ಆಫ್ರಿಕದಲ್ಲಿ. ಹಾಗಾದರೆ ಇಸಾಂಪುರದಲ್ಲಿ ಕಲ್ಲು ಕೆತ್ತಿದವನು ನಾವಲ್ಲ. ಅವನು ನಮ್ಮ ಬಂಧು. ನೇರವಾದ ಪೂರ್ವಜನೋ, ದಾಯಾದಿಯೋ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಬಹುಕಾಲದವರೆಗೆ ಎಲುಬೊಂದೇ ಸಾಕ್ಷಿಯಾಗಿತ್ತು. 1856ರಲ್ಲಿ ಜರ್ಮನಿಯ ನಿಯಾಂಡರ್ ಕಣಿವೆಯಲ್ಲಿ ದಪ್ಪ ಹುಬ್ಬಿನ ಬುರುಡೆಯೊಂದು ಸಿಕ್ಕಿತು. 1891ರಲ್ಲಿ ಯೂಜೀನ್ ಡುಬುವಾ ಜಾವಾದ್ವೀಪದಲ್ಲಿ ಅದಕ್ಕೂ ಹಿಂದಿನದನ್ನು ತೆಗೆದನು. ನಮ್ಮ ದೇಶದ ಭಾಗ್ಯಕ್ಕೆ ದೊರೆತುದು 1982ರಲ್ಲಿ ಅರುಣ್ ಸೋನಕಿಯಾ ಅವರು ನರ್ಮದೆಯ ದಡದ ಹಥನೋರದಲ್ಲಿ ಪತ್ತೆಹಚ್ಚಿದ ತಲೆಯೋಡಿನ ಬಲಭಾಗ. ಅದು ಯಾವ ಜಾತಿಯದೆಂಬ ಬಗ್ಗೆ ಪಂಡಿತರಲ್ಲಿ ಇನ್ನೂ ಒಮ್ಮತವಿಲ್ಲ. ಎಲುಬಿನ ಸಾಕ್ಷ್ಯದ ತೊಡಕೇ ಇದು. ಹುಬ್ಬಿನ ದಪ್ಪ, ದವಡೆಯ ಅಗಲಗಳನ್ನು ಅಳೆದು ನಂಟನ್ನು ಹೇಳುವುದೆಂದರೆ, ಮೂಗನ್ನು ನೋಡಿ ಗೋತ್ರವನ್ನು ಹೇಳಿದಂತೆ. ಕೆಲವು ಸಲ ಸರಿಹೋದೀತು, ಅಷ್ಟೆ.

ನಮ್ಮ ಸೀಮೆಯಲ್ಲಿ ಎಲುಬೇಕೆ ಉಳಿಯಲಿಲ್ಲವೆಂಬುದಕ್ಕೆ ಕಲಘಟಗಿಯ ನೆಲವನ್ನು ನೋಡಿದರೆ ಸಾಕು. ಮಲೆನಾಡಿನ ಅಂಚಿನ ಆ ಕೆಂಪು ಹುಳಿಮಣ್ಣಿನಲ್ಲಿ ಮಳೆಯ ನೀರು ಇಳಿದಂತೆಲ್ಲ ಎಲುಬಿನ ಸುಣ್ಣವು ಕರಗಿಹೋಗುವುದು. ಕುಂದಗೋಳ, ನವಲಗುಂದಗಳ ಎರೆಯಲ್ಲಿ ಸುಣ್ಣದ ಹರಳಿರುವುದರಿಂದ ಅಷ್ಟು ಕೇಡಿಲ್ಲ. ಆದರೆ ಆ ಮಣ್ಣು ಮಳೆಗೆ ಉಬ್ಬಿ, ಬೇಸಗೆಗೆ ಕೈ ತೂರುವಷ್ಟು ಬಿರಿದು, ತನ್ನೊಳಗಿರುವುದನ್ನು ವರ್ಷವರ್ಷವೂ ಹೊಸೆಯುತ್ತದೆ. ಆದರೂ ಆಸೆಗೆ ಎಡೆಯಿಲ್ಲದಿಲ್ಲ. ಗೋಕಾಕದ ಹತ್ತಿರ ಎರೆಮಣ್ಣಿನ ಕೆಳಗಣ ಜೇಡಿಯಲ್ಲಿ ಒಂದು ಖಡ್ಗಮೃಗದ ಅವಶೇಷಗಳು ದೊರೆತುವು. ಫುಟ್ಟನು 1874ರಲ್ಲಿ ಅದನ್ನು ವರ್ಣಿಸಿ ದಖ್ಖನಿನ ಹೆಸರಿನಿಂದಲೇ ಕರೆದನು. ಇಂದು ಖಡ್ಗಮೃಗವನ್ನು ಮೃಗಾಲಯದಲ್ಲಿ ಮಾತ್ರ ಕಂಡಿರುವ ನಮಗೆ, ಅದು ಘಟಪ್ರಭೆಯ ಬಯಲಿನಲ್ಲಿ ಮೇಯುತ್ತಿತ್ತೆಂಬುದು ಸೋಜಿಗವಲ್ಲವೆ?

ಇನ್ನು ಹೊಸ ವಿದ್ಯೆಯ ಮಾತು. ಜೀವಕೋಶದೊಳಗಿರುವ ಡಿ. ಎನ್. ಎ. ಎಂಬ ಎಳೆಯಲ್ಲಿ, ನಾಲ್ಕೇ ಅಕ್ಷರಗಳ ಲಿಪಿಯಲ್ಲಿ, ಸುಮಾರು 300 ಕೋಟಿ ಅಕ್ಷರಗಳಷ್ಟು ದೀರ್ಘವಾದ ವಂಶಲೇಖವಿದೆ. ಪ್ರಾಣಿ ಸತ್ತೊಡನೆ ಈ ಲೇಖವು, ಗೆದ್ದಲು ಹಿಡಿದ ಓಲೆಗರಿಯಂತೆ, ತುಂಡು ತುಂಡಾಗತೊಡಗುವುದು. ಐವತ್ತು ಅರವತ್ತು ಅಕ್ಷರಗಳ ಚೂರುಗಳು ಮಿಕ್ಕರೆ ಅದೇ ಹೆಚ್ಚು. ಆದರೆ ಪ್ರತಿಗಳು ಲೆಕ್ಕವಿಲ್ಲದಷ್ಟಿರುತ್ತವೆ. ಒಂದು ಪ್ರತಿಯಲ್ಲಿ ಹರಿದುದು ಇನ್ನೊಂದರಲ್ಲಿ ಉಳಿದಿರುತ್ತದೆ. ಗ್ರಂಥಸಂಪಾದಕನು ಹಲವು ಓಲೆಪ್ರತಿಗಳನ್ನು ಒರೆದುನೋಡಿ ಕಾವ್ಯದ ಪಾಠವನ್ನು ಕಟ್ಟುವಂತೆ, ವಿಜ್ಞಾನಿಯು ಚೂರುಗಳ ಅಂಚುಗಳನ್ನು ಹೊಂದಿಸಿ ವಂಶಲೇಖವನ್ನು ಕಟ್ಟುತ್ತಾನೆ. ಸ್ವಾಂತೆ ಪಾಬೊ ಮತ್ತು ಅವನ ಸಹೋದ್ಯೋಗಿಗಳು 2010ರಲ್ಲಿ ನಿಯಾಂಡರ್ತಾಲ್ ಮಾನವನ ಲೇಖವನ್ನು ಈ ಬಗೆಯಾಗಿ ಕಟ್ಟಿ ತೋರಿಸಿದರು. ಪಾಬೊನಿಗೆ 2022ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಅದೇ 2010ರಲ್ಲಿ ಇನ್ನೊಂದು ವಿಸ್ಮಯ ಹೊರಬಿತ್ತು. ಸೈಬೀರಿಯದ ಡೆನಿಸೋವ ಗುಹೆಯಲ್ಲಿ ಎರಡು ವರ್ಷಗಳ ಹಿಂದೆ ದೊರೆತಿದ್ದ ಕಿರುಬೆರಳಿನ ಎಲುಬಿನ ಚೂರು ನಮ್ಮದೂ ಅಲ್ಲ, ನಿಯಾಂಡರ್ತಾಲನದೂ ಅಲ್ಲ. ಅದು ಅದುವರೆಗೆ ಯಾರೂ ಕೇಳರಿಯದ ಮೂರನೆಯ ಬಂಧುವಿನದು. ಬುರುಡೆಯಿಲ್ಲ, ದವಡೆಯಿಲ್ಲ, ಒಂದು ಬೆರಳಿನ ಬಲದ ಮೇಲೆ ಒಂದು ಮಾನವಕುಲವೇ ಪರಿಚಯವಾಯಿತು! 2018ರಲ್ಲಿ ಅದೇ ಗುಹೆಯ ಮತ್ತೊಂದು ಎಲುಬನ್ನು ಓದಲಾಗಿ, ಅದು ನಿಯಾಂಡರ್ತಾಲ್ ತಾಯಿಗೂ ಡೆನಿಸೋವ ತಂದೆಗೂ ಹುಟ್ಟಿದ ಹುಡುಗಿಯದೆಂದು ತಿಳಿಯಿತು. ಮಾನವವಂಶವನ್ನು ಏಣಿಯ ಮೆಟ್ಟಿಲುಗಳಂತೆ ಚಿತ್ರಿಸುತ್ತಿದ್ದುದು ತಪ್ಪು. ಮಳೆಗಾಲದಲ್ಲಿ ಬೆಣ್ಣೆಹಳ್ಳವು ದಡ ಮೀರಿ ಕವಲಾಗಿ ಒಡೆದು, ಮುಂದೆ ಹೋಗಿ ಮತ್ತೆ ಕೂಡಿಕೊಳ್ಳುವುದನ್ನು ನವಲಗುಂದದ ಕಡೆಯವರು ಕಂಡಿರುತ್ತಾರೆ. ನಮ್ಮ ವಂಶದ ಗತಿಯೂ ಅದೇ. ಕೆಲವು ಕವಲುಗಳು ಇಂಗಿಹೋದುವು. ಕೆಲವು ಬಂದು ಕೂಡಿದುವು.

ಕೂಡಿದುದಕ್ಕೆ ನಮ್ಮ ಶರೀರವೇ ಸಾಕ್ಷಿ. ಆಫ್ರಿಕದ ಹೊರಗಿನ ಜನರೆಲ್ಲರಲ್ಲಿಯೂ ನೂರಕ್ಕೆ ಒಂದೆರಡು ಪಾಲು ನಿಯಾಂಡರ್ತಾಲನ ಅಂಶವಿದೆ. ಈ ಮಾತನ್ನು ಕೇಳುತ್ತಿರುವವರಲ್ಲಿಯೂ ಇದೆ. ಇದು ಬರಿಯ ಕುತೂಹಲದ ಸಂಗತಿಯಲ್ಲ. 2020ರಲ್ಲಿ ಕೋವಿಡ್ ಪಿಡುಗು ಹರಡಿದಾಗ, ರೋಗವು ಉಲ್ಬಣಿಸುವ ಸಂಭವವನ್ನು ಹೆಚ್ಚಿಸುವ ಒಂದು ಆನುವಂಶಿಕ ಭಾಗವು ನಿಯಾಂಡರ್ತಾಲನಿಂದ ಬಂದುದೆಂದು ಪಾಬೊ ಮತ್ತು ಹ್ಯೂಗೊ ಝೆಬರ್ಗ್ ತೋರಿಸಿದರು. ಯೂರೋಪಿನಲ್ಲಿ ನೂರಕ್ಕೆ ಸುಮಾರು 16 ಮಂದಿ ಅದನ್ನು ಹೊತ್ತಿದ್ದರೆ, ದಕ್ಷಿಣ ಏಷ್ಯದಲ್ಲಿ ಸುಮಾರು 50 ಮಂದಿ. ರೋಗದ ಏರಿಳಿತಕ್ಕೆ ವಯಸ್ಸು, ಇತರ ಬೇನೆಗಳು, ಚಿಕಿತ್ಸೆಯ ಅನುಕೂಲ ಇವೆಲ್ಲ ಕಾರಣಗಳೇ. ಇದೊಂದರ ಮೇಲೆ ಹೊಣೆ ಹೊರಿಸಲಾಗದು. ಆದರೂ ಹತ್ತಾರು ಸಾವಿರ ವರ್ಷಗಳ ಹಿಂದಿನ ಒಂದು ನಂಟು ನಮ್ಮ ಮನೆಯ ರೋಗಿಯ ಉಸಿರಾಟದವರೆಗೆ ಬಂದು ಮುಟ್ಟಿದುದು ಕಡಮೆಯ ಮಾತೇನು?

ಹಾಗಾದರೆ ಮಲಪ್ರಭೆಯವನ ವಂಶಲೇಖವನ್ನು ಏಕೆ ಓದಬಾರದು? ಅಡ್ಡಿಯಾಗಿರುವುದು ಬಿಸಿಲು. ಡಿ. ಎನ್. ಎ. ಉಳಿಯುವುದು ತಂಪಿನಲ್ಲಿ. ಡೆನಿಸೋವ ಗುಹೆಯಲ್ಲಿ ವರ್ಷದ ಸರಾಸರಿ ಉಷ್ಣತೆ ನೀರು ಹೆಪ್ಪುಗಟ್ಟುವ ಮಟ್ಟದ ಆಸುಪಾಸಿನಲ್ಲಿದೆ. ಸ್ಪೇಯಿನ್ ದೇಶದ ಆಳವಾದ ಗುಹೆಯೊಂದರ ತಂಪಿನಲ್ಲಿ 4 ಲಕ್ಷ ವರ್ಷಗಳಿಗೂ ಹಿಂದಿನ ಮಾನವರ ಲೇಖದ ಚೂರುಗಳು ಉಳಿದಿದ್ದುವು. ನಮ್ಮ ಬಯಲುಸೀಮೆಯಲ್ಲಿ ಲಕ್ಷದ ಮಾತಿರಲಿ, ಸಾವಿರವೂ ಕಷ್ಟ. ಹರಿಯಾಣದ ರಾಖಿಗಢಿಯಲ್ಲಿ 4500 ವರ್ಷಗಳಷ್ಟು ಹಿಂದಿನ ಅರವತ್ತಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದರೂ, ಓದಲು ಬಂದುದು ಒಬ್ಬಳೇ ಹೆಂಗಸಿನ ಲೇಖ. 2019ರಲ್ಲಿ ಅದು ಪ್ರಕಟವಾಯಿತು. ಹೀಗಿರುವಾಗ ಇಸಾಂಪುರದವನ ಡಿ. ಎನ್. ಎ. ದೊರೆಯುವುದೆಂದು ನಾನು ನಂಬುವುದಿಲ್ಲ.

ನಾನು ನಂಬುವುದು ಹಲ್ಲನ್ನು. ಹಲ್ಲಿನ ಮೇಲಣ ದಂತಕವಚದಲ್ಲಿ ಪ್ರೋಟೀನುಗಳು ಸಿಕ್ಕಿಕೊಂಡಿರುತ್ತವೆ. ಅವು ವಂಶಲೇಖದ ಸಂಕ್ಷೇಪದಂತೆ. ವಿವರ ಕಡಮೆ, ಬಾಳಿಕೆ ಹೆಚ್ಚು. 2019ರಲ್ಲಿ ದಕ್ಷಿಣ ಚೀನಾದ ಗುಹೆಯೊಂದರಿಂದ ಬಂದ, ಸುಮಾರು 19 ಲಕ್ಷ ವರ್ಷಗಳ ಹಿಂದಿನ ದೈತ್ಯವಾನರವೊಂದರ ಹಲ್ಲಿನಿಂದ ಈ ಪ್ರೋಟೀನುಗಳನ್ನು ತೆಗೆದು, ಅದು ಒರಾಂಗುಟಾನಿನ ನಂಟೆಂದು ನಿರ್ಧರಿಸಿದರು. ಆ ಸೀಮೆಯೂ ಬೆಚ್ಚನೆಯದೇ. 2025ರಲ್ಲಿ ತೈವಾನಿನ ಬಳಿ ಮೀನುಗಾರರ ಬಲೆಯಲ್ಲಿ ಸಮುದ್ರದ ತಳದಿಂದ ಮೇಲೆ ಬಂದಿದ್ದ ಒಂದು ದವಡೆಯು, ಇದೇ ವಿಧಾನದಿಂದ, ಡೆನಿಸೋವ ಗಂಡಸಿನದೆಂದು ಗೊತ್ತಾಯಿತು. ಸೈಬೀರಿಯದ ಚಳಿಯಲ್ಲಿ ಇದ್ದವರು ಬಿಸಿಲಸೀಮೆಯಲ್ಲಿಯೂ ಇದ್ದರಂತೆ! ಅವರ ಬಳಗ ನಮ್ಮ ನದಿಗಳವರೆಗೆ ಬಂದಿತ್ತೋ ಇಲ್ಲವೋ ಎಂಬುದನ್ನು ಹೇಳಬಲ್ಲ ಹಲ್ಲೊಂದು ಮಲಪ್ರಭೆಯ ದಡದಲ್ಲೋ ಬೆಣ್ಣೆಹಳ್ಳದ ಕೊರಕಲಿನಲ್ಲೋ ಕಾದಿರಬಹುದು. ಆದರೆ ಹೊಳೆಯ ಮರಳು, ಗರಸುಗಳನ್ನು ಯಂತ್ರಗಳಿಂದ ಬಗೆದು ಹೇರಿಕೊಂಡು ಹೋಗುವ ಈ ಕಾಲದಲ್ಲಿ ಅದು ಯಾವ ಮನೆಯ ತಳಪಾಯಕ್ಕೆ ಬೀಳುವುದೋ ಬಲ್ಲವರಿಲ್ಲ.

ಹಳ್ಳಿಯ ಕಡೆ ಹೊಲ ಮನೆ ಇರುವ ಶ್ರೋತೃಗಳಿಗಾಗಿ ಒಂದು ಮಾತು. ಬಾವಿಯನ್ನೋ ಕಾಲುವೆಯನ್ನೋ ಅಗೆಯುವಾಗ, ಕಲ್ಲಿನಂತೆ ಭಾರವಾದ ಎಲುಬು ಅಥವಾ ಹಲ್ಲು ಕಂಡರೆ ಅದನ್ನು ಕೀಳಬಾರದು, ತೊಳೆಯಬಾರದು, ಕೈಯಿಂದ ಕೈಗೆ ದಾಟಿಸಬಾರದು. ಮುಟ್ಟಿದವರ ಬೆವರಿನ ಅಂಶವೇ ಪರೀಕ್ಷೆಯನ್ನು ಕೆಡಿಸುವುದು. ಯಾವ ಪದರದಲ್ಲಿ, ಎಷ್ಟು ಆಳದಲ್ಲಿ ಇದೆಯೆಂಬುದನ್ನು ಗುರುತುಮಾಡಿಕೊಂಡು, ಮೇಲೆ ಮಣ್ಣು ಮುಚ್ಚಿ, ಧಾರವಾಡದಲ್ಲಿರುವ ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಕಚೇರಿಗೆ ತಿಳಿಸತಕ್ಕದ್ದು.