ಕಾಲಿನಲ್ಲಿ ಉಬ್ಬಿದ ರಕ್ತನಾಳ: ದೊಡ್ಡ ಕೊಯ್ತವಿಲ್ಲದ ಚಿಕಿತ್ಸೆ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಕಬ್ಬು ಕಡಿಯುವವರು, ನೀರು ಹಾಯಿಸುವವರು, ಗಾಣದಲ್ಲಿ ಬೆಲ್ಲ ಕಾಯಿಸುವವರು ದಿನದ ಬಹುಭಾಗ ನಿಂತೇ ದುಡಿಯುತ್ತಾರೆ. ಇಂಥವರಲ್ಲಿ ಕೆಲವರ ಮೀನಖಂಡದ ಮೇಲೆ ನೀಲಿ ಗೆರೆಗಳು ಸುರುಳಿ ಸುರುಳಿಯಾಗಿ ಉಬ್ಬಿರುವುದು ಕಂಡುಬರುತ್ತದೆ. 'ನರ ಉಬ್ಯಾವ' ಎಂದು ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಇವು ನರಗಳಲ್ಲ, ಕಾಲಿನ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳಗಳು. ವೈದ್ಯರು ಇದನ್ನು ವೆರಿಕೋಸ್ ವೇನ್ ಎನ್ನುತ್ತಾರೆ. ತಂದೆತಾಯಿಗಳಿಗೆ ಇದ್ದವರಲ್ಲಿ, ಹಲವು ಹೆರಿಗೆಯಾದ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು.

ಬೆಳೆಶಾಸ್ತ್ರದವನಿಗೆ ಈ ವಿಷಯವೇಕೆ ಎನ್ನಬಹುದು. ಆದರೆ ಪಂಪ್‌ಸೆಟ್ಟು ಬಲ್ಲ ರೈತನಿಗೆ ಇದು ಬೇಗ ತಿಳಿಯುತ್ತದೆ. ಈ ನಾಳಗಳೊಳಗೆ ಫುಟ್‌ವಾಲ್ವಿನಂಥ ಕವಾಟಗಳಿವೆ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ಕವಾಟ ಅದನ್ನು ಕೆಳಗಿಳಿಯಗೊಡುವುದಿಲ್ಲ. ಕವಾಟ ಸೋರಿತೆಂದರೆ ರಕ್ತ ಕೆಳಗೆ ನಿಂತು ನಾಳ ಹಿಗ್ಗುತ್ತದೆ. ಸಂಜೆ ಕಾಲು ಭಾರವಾಗುತ್ತದೆ, ಊದುತ್ತದೆ. ವರ್ಷಗಳು ಕಳೆದಂತೆ ಹರಡಿನ ಬಳಿ ಚರ್ಮ ಕಪ್ಪಾಗಿ ತುರಿಸಿ, ಕೊನೆಗೆ ಮಾಯದ ಹುಣ್ಣು ಆಗಬಹುದು. ನೀರು ನಿಂತು ಜವಳಾದ ಹೊಲದ ಸ್ಥಿತಿಯೇ ಇದು. ಮುಲಾಮು ಎಷ್ಟು ಹಚ್ಚಿದರೂ ಸೋರಿಕೆ ನಿಲ್ಲದೆ ಪ್ರಯೋಜನ ಕಡಿಮೆ.

ಆದ್ದರಿಂದ ಮೊದಲು ಸೋರುವ ಜಾಗ ಹುಡುಕಬೇಕು. ಡಾಪ್ಲರ್ ಸ್ಕ್ಯಾನ್ ಇದನ್ನು ತೋರಿಸುತ್ತದೆ. ಹಿಂದೆ ತೊಡೆಸಂದಿಯಲ್ಲಿ ಕೊಯ್ದು ಉದ್ದ ನಾಳವನ್ನೇ ಎಳೆದು ತೆಗೆಯುತ್ತಿದ್ದರು. ಇಂದೂ ಕೆಲವರಿಗೆ ಅದು ಬೇಕಾಗುತ್ತದೆ. 1990ರ ದಶಕದ ಕೊನೆಯಿಂದ ಬೇರೆ ವಿಧಾನ ಬಳಕೆಗೆ ಬಂದಿದೆ. ಮೊಣಕಾಲಿನ ಆಸುಪಾಸು ಸೂಜಿಯಿಂದ ಚುಚ್ಚಿ ತೆಳುವಾದ ನಳಿಗೆಯನ್ನು ನಾಳದೊಳಗೆ ತೂರಿಸುತ್ತಾರೆ. ಸುತ್ತಲೂ ಮರಗಟ್ಟಿಸುವ ಔಷಧ ತುಂಬಿ, ಲೇಸರ್ ಅಥವಾ ರೇಡಿಯೋ ತರಂಗದ ಕಾವಿನಿಂದ ನಾಳವನ್ನು ಒಳಗಿನಿಂದ ಮುಚ್ಚುತ್ತಾರೆ. ಹೊರಗೆ ಉಬ್ಬಿದ ಗಂಟುಗಳನ್ನು 2-3 ಮಿ.ಮೀ. ರಂಧ್ರಗಳ ಮೂಲಕ ಸಣ್ಣ ಕೊಕ್ಕೆಯಿಂದ ತುಂಡುತುಂಡಾಗಿ ತೆಗೆಯುತ್ತಾರೆ. ಸಾಮಾನ್ಯವಾಗಿ ಹೊಲಿಗೆ ಬೇಕಾಗದು, ಅಂದೇ ನಡೆದಾಡಬಹುದು. ಕೆಲವು ದಿನ ಬಿಗಿ ಕಾಲುಚೀಲ ಧರಿಸಬೇಕು; ಭಾರ ಎತ್ತುವ ಕೆಲಸ ಯಾವಾಗ ಆರಂಭಿಸಬೇಕೆಂದು ವೈದ್ಯರನ್ನೇ ಕೇಳಬೇಕು.

ನಾಳ ಮುಚ್ಚಿದರೆ ರಕ್ತ ಎಲ್ಲಿ ಹೋಗಬೇಕು? ಕಾಲಿನ ಬಹುಪಾಲು ರಕ್ತ ಹರಿಯುವುದು ಸ್ನಾಯುಗಳ ನಡುವಿನ ಆಳದ ನಾಳಗಳಲ್ಲಿ. ಅವು ಸರಿಯಿವೆಯೇ ಎಂಬುದನ್ನೂ ಡಾಪ್ಲರ್ ಹೇಳುತ್ತದೆ. ಸ್ಕ್ಯಾನ್ ಮಾಡದೆ ಕಣ್ಣಿಗೆ ಕಾಣುವ ಗಂಟನ್ನಷ್ಟೇ ತೆಗೆಯುತ್ತೇವೆ ಎನ್ನುವವರಲ್ಲಿಗೆ ಹೋಗದಿರುವುದು ಲೇಸು; ಮೇಲಿನ ಸೋರಿಕೆ ಉಳಿದರೆ ಗಂಟು ಮತ್ತೆ ಬರುತ್ತದೆ. ಸರಿಯಾಗಿ ಮಾಡಿಸಿಕೊಂಡರೂ ಮುಂದೆ ಬೇರೆ ನಾಳ ಉಬ್ಬುವ ಸಂಭವವಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಬೆಳಗಾವಿಯ ಜಿಲ್ಲಾ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ವಿಚಾರಿಸಬಹುದು. ನೋವಷ್ಟೇ ಇದ್ದವರು ಕಬ್ಬಿನ ಹಂಗಾಮು ಮುಗಿಯುವವರೆಗೆ ತಡೆಯಬಹುದು, ಹುಣ್ಣಾದವರು ತಡೆಯಬಾರದು.

ಒಂದೇ ಕಾಲು ಥಟ್ಟನೆ ಊದಿ ನೋಯತೊಡಗಿದರೆ, ಜೊತೆಗೆ ಉಸಿರು ಕಟ್ಟಿದರೆ, ತಡಮಾಡದೆ ಆಸ್ಪತ್ರೆ ಸೇರಬೇಕು. ಹೊಲದಲ್ಲಿ ರವುದಿ ತಾಗಿ ಉಬ್ಬಿದ ನಾಳ ಒಡೆದರೆ ರಕ್ತ ಬಹಳ ಹರಿಯುತ್ತದೆ. ಆಗ ಹಗ್ಗ ಬಿಗಿಯಬಾರದು. ಕೂಡಲೇ ಮಲಗಿಸಿ, ಕಾಲನ್ನು ಎದೆಗಿಂತ ಮೇಲೆತ್ತಿ, ಶುಭ್ರ ಬಟ್ಟೆಯಿಂದ ಗಾಯವನ್ನು ಕನಿಷ್ಠ 10 ನಿಮಿಷ ಬಿಡದೆ ಒತ್ತಿ ಹಿಡಿದು, ವಾಹನ ತರಿಸಬೇಕು.