ಸೀಸದ ಗುಂಡಿಗೆ ಬಣ್ಣದ ಅಂಗಿ

ಅಮೆರಿಕದ ಒಹಾಯೊ ರಾಜ್ಯದಲ್ಲಿ, ಈರೀ ಸರೋವರದ ದಂಡೆಯ ಮೇಲೆ ಕ್ಯಾಂಪ್ ಪೆರಿ ಎಂಬ ಸ್ಥಳವಿದೆ. 1907ರಲ್ಲಿ ಅಲ್ಲಿ ಶುರುವಾದ ರಾಷ್ಟ್ರೀಯ ಗುರಿ ಪಂದ್ಯಗಳಿಗೆ ಇಂದಿಗೂ ದೇಶದ ಮೂಲೆ ಮೂಲೆಗಳಿಂದ ಬಂದೂಕುಗಾರರು, ಪಿಸ್ತೂಲುಗಾರರು ಬರುತ್ತಾರೆ. ಪಿಸ್ತೂಲಿನ ಪಂದ್ಯಕ್ಕೆ ಅಲ್ಲಿಯವರ ರೂಢಿಯ ಹೆಸರು ‘ಬುಲ್ಸ್‌ಐ’. ಸಂಪ್ರದಾಯದಂತೆ ಒಂದೇ ಕೈ ಚಾಚಿ ನಿಂತು, 50 ಗಜ ದೂರದ ಕಾಗದದ ಗುರಿಗೆ ಹತ್ತು ನಿಮಿಷದಲ್ಲಿ ಹತ್ತು ಗುಂಡು ಹೊಡೆಯಬೇಕು. ಪೂರ್ತಿ ಹತ್ತು ಅಂಕ ಕೊಡುವ ವೃತ್ತದ ಅಗಲ 3.36 ಅಂಗುಲ. ಕೊಡಗಿನ ಕೈಲು ಮುಹೂರ್ತದ ಹಬ್ಬದಲ್ಲಿ ಮರದ ಮೇಲಿಟ್ಟು ಹೊಡೆಯುವ ತೆಂಗಿನಕಾಯಿಗಿಂತ ಇದು ಚಿಕ್ಕದು. ಅಲ್ಲಿ ಕೋವಿಯನ್ನು ಭುಜಕ್ಕೆ ಒತ್ತಿ ಹಿಡಿಯಬಹುದು. ಇಲ್ಲಿ ಭುಜದ ಆಸರೆಯೂ ಇಲ್ಲ, ಎರಡನೆಯ ಕೈಯ ಆಸರೆಯೂ ಇಲ್ಲ.

ಈ ಪಂದ್ಯದವರಲ್ಲಿ ಬಹಳ ಕಾಲದಿಂದ ಒಂದು ಚರ್ಚೆ ನಡೆದಿದೆ. ಅದು ಪಿಸ್ತೂಲಿನದಲ್ಲ, ಗುಂಡಿನದು. ಒಂದು ಪೂರ್ಣ ಪಂದ್ಯವೆಂದರೆ ಮೂರು ಬಗೆಯ ಪಿಸ್ತೂಲುಗಳಲ್ಲಿ ತಲಾ 90ರಂತೆ 270 ಗುಂಡುಗಳು. ಅಭ್ಯಾಸಕ್ಕೆ ಅದರ ಎಷ್ಟೋ ಪಟ್ಟು. ಅಂಗಡಿಯ ತೋಟಾ ಕೊಂಡು ಇಷ್ಟನ್ನು ಹೊಡೆದರೆ ಮನೆ ನಡೆಯುವುದಿಲ್ಲ. ಹಾಗಾಗಿ ಅಲ್ಲಿನ ಬಹುಪಾಲು ಗುರಿಕಾರರು ಹಳೆಯ ಹಿತ್ತಾಳೆ ಕೊಪ್ಪಿಗೆಗಳಿಗೆ ತಾವೇ ಮದ್ದು ತುಂಬಿ ಹೊಸ ಗುಂಡು ಕೂರಿಸಿಕೊಳ್ಳುತ್ತಾರೆ. ಆಗ ಎದುರಾಗುವ ಪ್ರಶ್ನೆ: ದುಬಾರಿಯಾದ ತಾಮ್ರದ ಕವಚದ ಗುಂಡೇ ಬೇಕೆ, ಅಥವಾ ಬಣ್ಣ ಬಳಿದ ಅಗ್ಗದ ಸೀಸದ ಗುಂಡು 50 ಗಜಕ್ಕೂ ಸಾಕೆ?

ಗುಂಡಿಗೆ ಬಣ್ಣವೇಕೆ ಎಂದು ಯಾರಿಗಾದರೂ ಆಶ್ಚರ್ಯವಾಗಬಹುದು. ಸೀಸ ತೂಕದ ಲೋಹ, ಅಗ್ಗದ್ದು, 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅಡುಗೆಮನೆಯ ಒಲೆಯ ಮೇಲೂ ಎರಕ ಹೊಯ್ಯಬಹುದು. (ಆದರೆ ಹೊಯ್ಯಬಾರದು, ಕಾರಣ ಮುಂದೆ ಬರುತ್ತದೆ.) ಈ ಮೆದುತನವೇ ಅದರ ದೋಷ ಕೂಡ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಅವು ಗುಂಡನ್ನು ಹಿಡಿದು ತಿರುಗಿಸುತ್ತವೆ. ಬುಗುರಿ ತಿರುಗುವವರೆಗೆ ನಿಲ್ಲುವಂತೆ, ಗುಂಡು ತಿರುಗಿದರೆ ಮಾತ್ರ ನೇರ ಹೋಗುತ್ತದೆ. ಹಿಂದಿನಿಂದ ನುಗ್ಗುವ ಬಿಸಿ ಅನಿಲ ಮತ್ತು ಗೀರಿನ ತಿಕ್ಕಾಟದಲ್ಲಿ ಬರಿಯ ಸೀಸ ಸವೆದು ನಳಿಗೆಗೆ ಮೆತ್ತಿಕೊಳ್ಳುತ್ತದೆ. ಗೀರುಗಳು ತುಂಬುತ್ತ ಬಂದಂತೆ ಗುರಿ ಕೆಡುತ್ತದೆ.

ಇದಕ್ಕೆ ಹಳೆಯ ಕಾಲದ ಮದ್ದು ಜಿಡ್ಡು. ಈ ಜಿಡ್ಡಿನ ಕಥೆ ಭಾರತೀಯರಿಗೆ ಹೊಸದಲ್ಲ. 1857ರಲ್ಲಿ ಬಂದ ಎನ್‌ಫೀಲ್ಡ್ ಬಂದೂಕಿನ ಕಾಗದದ ತೋಟಾಕ್ಕೆ ಕೊಬ್ಬು ಸವರಿದ್ದು ಗುಂಡು ನಳಿಗೆಯಲ್ಲಿ ಸರಾಗವಾಗಿ ಇಳಿಯಲಿ, ಮಸಿ ಕಟ್ಟದಿರಲಿ ಎಂದೇ. ಅದು ದನದ ಕೊಬ್ಬು, ಹಂದಿಯ ಕೊಬ್ಬು ಎಂಬ ಸುದ್ದಿ ಸಿಪಾಯಿಗಳಲ್ಲಿ ಹಬ್ಬಿತು. ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದುದೇ ಮೀರತ್‌ನ ಕಿಡಿಗೆ ಒಂದು ಕಾರಣವಾಯಿತು. ದಂಗೆಯ ಭಯದಿಂದ ಸರ್ಕಾರ ಜನರ ಆಯುಧ ಕಸಿಯುವ ಕಾಯ್ದೆ ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ತಿರುಗಿ ಬಿದ್ದು, ಲಾವಣಿಯಲ್ಲಿ ಉಳಿದರು. ಗುಂಡಿಗೆ ಏನು ಸವರಬೇಕು ಎಂಬ ತಾಂತ್ರಿಕ ಪ್ರಶ್ನೆಗೆ ಇಷ್ಟು ದೂರದ ಪರಿಣಾಮವಾದದ್ದು ಬೇರೆಲ್ಲೂ ಇರಲಾರದು.

ಹೊಗೆರಹಿತ ಮದ್ದು ಬಂದ ಮೇಲೆ ಗುಂಡಿನ ವೇಗ ಏರಿತು. ಜಿಡ್ಡು ಸಾಲದಾಯಿತು. ಸ್ವಿಟ್ಜರ್‌ಲೆಂಡಿನ ಎಡ್ವರ್ಡ್ ರೂಬಿನ್ ಅದಕ್ಕೂ ಮೊದಲೇ, 1882ರಲ್ಲಿ, ಸೀಸಕ್ಕೆ ತಾಮ್ರದ ಕವಚ ತೊಡಿಸಿದ್ದ. ಸೈನ್ಯಗಳೆಲ್ಲ ಅದನ್ನೇ ಹಿಡಿದವು. ಜಾನ್ ಬ್ರೌನಿಂಗ್ ರೂಪಿಸಿ ಅಮೆರಿಕದ ಸೈನ್ಯ 1911ರಲ್ಲಿ ಒಪ್ಪಿಕೊಂಡ .45 ಪಿಸ್ತೂಲಿನ ಗುಂಡು ಕೂಡ ಕವಚದ್ದೇ, ತೂಕ 230 ಗ್ರೇನ್, ಅಂದರೆ ಸುಮಾರು 15 ಗ್ರಾಂ. ಬುಲ್ಸ್‌ಐ ಪಂದ್ಯದ ಮುಖ್ಯ ಆಯುಧ ಇಂದಿಗೂ ಅದೇ ಪಿಸ್ತೂಲು.

ಸೈನ್ಯಕ್ಕೆ ಖರ್ಚಿನ ಚಿಂತೆ ಕಡಿಮೆ, ಗುರಿಕಾರನಿಗೆ ಹೆಚ್ಚು. ಅವನು ಮತ್ತೆ ಸೀಸಕ್ಕೆ ಮರಳಿದ. ಪಂದ್ಯದ ಗುಂಡಿನ ವೇಗ ಹೇಗೂ ಸೆಕೆಂಡಿಗೆ 750 ಅಡಿಯ ಆಸುಪಾಸು. ಅಷ್ಟಕ್ಕೆ ಸೀಸ ಸಾಕು. ಹೆನ್ಸ್‌ಲಿ ಮತ್ತು ಗಿಬ್ಸ್ ಕಂಪೆನಿಯ 68ನೇ ಸಂಖ್ಯೆಯ ಅಚ್ಚಿನಲ್ಲಿ ಎರಕವಾಗುತ್ತಿದ್ದ 200 ಗ್ರೇನ್ ಗುಂಡು ತಲೆಮಾರುಗಳ ಅಚ್ಚುಮೆಚ್ಚಿನದಾಯಿತು. ಅದರ ಮೂತಿ ಚಪ್ಪಟೆ, ಭುಜ ಚೂಪು. ಕಾಗದದಲ್ಲಿ ಹರಿದ ತೂತಲ್ಲ, ಕತ್ತರಿಸಿದಂಥ ಗುಂಡನೆಯ ತೂತು ಬೀಳುವುದರಿಂದ ಅಂಕ ಎಣಿಸಲು ತಂಟೆಯಿಲ್ಲ. ಬರಿ ಸೀಸ ಮೆದುವಾದ್ದರಿಂದ ಆಂಟಿಮನಿ, ತವರ ಬೆರೆಸಿದರು. ಈ ಮಿಶ್ರಣ ಎಲ್ಲಿ ಸಿಕ್ಕಿತೆಂದರೆ, ಪತ್ರಿಕಾಲಯಗಳಲ್ಲಿ! ಲೈನೋಟೈಪ್ ಯಂತ್ರದ ಅಚ್ಚುಲೋಹ ಶೇ 84 ಸೀಸ, ಶೇ 12 ಆಂಟಿಮನಿ, ಶೇ 4 ತವರ. ಪತ್ರಿಕೆಗಳು ಆಫ್‌ಸೆಟ್‌ಗೆ ಹೊರಳಿದಾಗ ಗುಜರಿಗೆ ಬಿದ್ದ ಲೋಹ ಎಷ್ಟೋ ಮಂದಿಯ ಎರಕದ ಪಾತ್ರೆ ಸೇರಿತು. ನಿನ್ನೆಯ ಸಂಪಾದಕೀಯ ಇಂದಿನ ಗುಂಡಾಯಿತು.

ಎರಕದ ಗುಂಡಿನ ಮೈಯ ಗಾಡಿಗೆ ಜೇನುಮೇಣ ಬೆರೆತ ಜಿಡ್ಡು ತುಂಬುತ್ತಿದ್ದರು. ಹೊಡೆದರೆ ದಟ್ಟ ಹೊಗೆ. ಕೈಗೆ ಅಂಟು, ಪಿಸ್ತೂಲಿನ ಸಂದಿಯಲ್ಲೆಲ್ಲ ಕೊಳೆ. ಇದರಿಂದ ಪಾರಾಗಲು ಬಂದ ಮೊದಲ ಉಪಾಯ ಗಿಲೀಟು, ಅಂದರೆ ಮೆದು ಸೀಸಕ್ಕೆ ವಿದ್ಯುತ್ತಿನಿಂದ ತಾಮ್ರದ ತೆಳು ಪದರ ಕೂರಿಸುವುದು. ನೋಡಲು ಥೇಟು ಕವಚದ ಗುಂಡೇ. 25 ಗಜಕ್ಕೆ ಚೆನ್ನಾಗಿಯೇ ಹೋಗುತ್ತದೆ. 50 ಗಜದಲ್ಲಿ ಚೆದುರುತ್ತದೆ ಎಂಬುದು ಹಲವರ ಅನುಭವ. ತೋಟಾದ ಬಾಯಿಯನ್ನು ಕೊಂಚ ಬಿಗಿ ಮಾಡಿದರೂ ಪದರ ಕತ್ತರಿಸಿ ಹೋಗುತ್ತದೆ.

ಎರಡನೆಯ ಉಪಾಯ ಬಣ್ಣ. 1990ರ ದಶಕದಲ್ಲಿ ಮಾಲಿಬ್ಡಿನಂ ಲೇಪದ ಕಪ್ಪು ಗುಂಡುಗಳಿದ್ದವು. ಅನಂತರ ಆಸ್ಟ್ರೇಲಿಯದ ‘ಹೈ-ಟೆಕ್’ ಲೇಪ ಹೆಸರಾಯಿತು. ಎರಕದ ಗುಂಡುಗಳನ್ನು ದ್ರಾವಣದಲ್ಲಿ ಹೊರಳಾಡಿಸಿ, ಒಣಗಿಸಿ, ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ. ಎರಡು ಮೂರು ಸಲ ಹೀಗೆ ಮಾಡಿದರೆ ಸೀಸದ ಮೈಯಿಡೀ, ತಳ ಸೇರಿ, ಗಟ್ಟಿ ಪಾಲಿಮರ್ ಅಂಟುತ್ತದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿದಂತೆ. ಕೆಂಪು, ಹಸಿರು, ನೀಲಿ, ಬಂಗಾರ, ಯಾವ ಬಣ್ಣ ಬೇಕಾದರೂ ಆದೀತು. ಗುರಿಯ ಮೇಲೆ ಅದರ ಪ್ರಭಾವ ಸೊನ್ನೆ. ಫೆಡರಲ್ ಕಂಪೆನಿ 2016ರಲ್ಲಿ ಕೆಂಪು ಪಾಲಿಮರ್ ಹೊದಿಕೆಯ ಸಿಂಟೆಕ್ ತೋಟಾಗಳನ್ನು ತಂದ ಮೇಲೆ ಸಾಮಾನ್ಯ ಕೊಳ್ಳುಗನೂ ಬಣ್ಣದ ಗುಂಡನ್ನು ಒಪ್ಪಿದ.

ಲೇಪದ ಗುಂಡು ಎಂದರೆ ಏನೋ ಕೇಡಿನದು ಎಂಬ ಭಾವನೆ ಹಿಂದೆ ಇತ್ತು. ಒಹಾಯೊದಲ್ಲೇ 1960ರ ದಶಕದಲ್ಲಿ ಹುಟ್ಟಿದ ಕೆಟಿಡಬ್ಲ್ಯು ಗುಂಡಿನ ಟೆಫ್ಲಾನ್ ಲೇಪವೇ ಪೊಲೀಸರ ರಕ್ಷಾಕವಚ ಸೀಳುತ್ತದೆಂದು 1982ರಲ್ಲಿ ಟಿ.ವಿ. ವರದಿಯೊಂದರ ನಂತರ ದೊಡ್ಡ ಗುಲ್ಲಾಯಿತು. ನಿಜವಾಗಿ ಸೀಳುತ್ತಿದ್ದುದು ಒಳಗಿನ ಗಡಸು ಲೋಹ. ಟೆಫ್ಲಾನ್ ಇದ್ದದ್ದು ಆ ಲೋಹದಿಂದ ನಳಿಗೆ ಸವೆಯದಿರಲಿ ಎಂದು. 1986ರ ಕಾನೂನು ಕೂಡ ಗುಂಡಿನ ಲೋಹವನ್ನು ನೋಡಿ ನಿಷೇಧಿಸಿತೇ ಹೊರತು ಲೇಪವನ್ನಲ್ಲ.

ಮತ್ತೆ 50 ಗಜಕ್ಕೆ ಬರೋಣ. ಆ .45 ಪಿಸ್ತೂಲಿನ ಗೀರು 16 ಅಂಗುಲಕ್ಕೆ ಒಂದು ಸುತ್ತು. ಅಂದಮೇಲೆ ಗುಂಡು ಗುರಿ ಮುಟ್ಟುವಷ್ಟರಲ್ಲಿ ಸುಮಾರು 112 ಸುತ್ತು ತಿರುಗಿರುತ್ತದೆ. ಹಿಡಿಯುವ ಸಮಯ ಸೆಕೆಂಡಿನ ಐದನೇ ಒಂದು ಭಾಗ. ಅಷ್ಟರಲ್ಲಿ ಭೂಮಿಯ ಸೆಳೆತಕ್ಕೆ ಅದು ಸುಮಾರು 20 ಸೆಂಟಿಮೀಟರ್ ಇಳಿದಿರುತ್ತದೆ. ಇಳಿತದ್ದು ತೊಂದರೆಯಲ್ಲ, ದೃಷ್ಟಿಗೂಟ ಸರಿಪಡಿಸಿಕೊಂಡರಾಯಿತು. ತೊಂದರೆ ಸಮತೂಕದ್ದು. ಎರಕದಲ್ಲಿ ಕಾಣದ ಗಾಳಿಗುಳ್ಳೆ ಒಂದು ಮಗ್ಗುಲಲ್ಲಿದ್ದರೆ, ನಿಮಿಷಕ್ಕೆ 33 ಸಾವಿರ ಸುತ್ತಿನ ವೇಗದಲ್ಲಿ ಗುಂಡು ಓಲಾಡತೊಡಗುತ್ತದೆ.

ಎಲ್ಲಕ್ಕಿಂತ ಮುಖ್ಯ ತಳ. ವೃತ್ತಿಯಿಂದ ವೈದ್ಯನಾಗಿದ್ದ ಫ್ರಾಂಕ್ಲಿನ್ ಮ್ಯಾನ್ ವರ್ಷಗಟ್ಟಲೆ ಪ್ರಯೋಗ ಮಾಡಿ 1909ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಗುಂಡಿನ ಮೂತಿ ಜಜ್ಜಿಹೋದರೂ ಗುರಿ ಅಷ್ಟಾಗಿ ಕೆಡದು, ತಳ ಓರೆಯಾದರೆ ಕೆಡುತ್ತದೆ ಎಂದು ತೋರಿಸಿದ. ನಳಿಗೆ ಬಿಡುವ ಕ್ಷಣದಲ್ಲಿ ಅನಿಲ ಕೊನೆಯ ನೂಕು ಕೊಡುವುದು ತಳಕ್ಕೆ. ಅಂಚು ಒಂದು ಕಡೆ ತಗ್ಗಿದ್ದರೆ ನೂಕು ಓರೆಯಾಗುತ್ತದೆ. ಮೂತಿ ಟೊಳ್ಳಾದ 185 ಗ್ರೇನಿನ ಕವಚದ ಗುಂಡು 50 ಗಜಕ್ಕೆ ಹೆಸರಾಗಿರುವುದರ ಒಂದು ಗುಟ್ಟು ಇದೇ. ಅದರ ತಾಮ್ರ ತಳದಿಂದ ಮೇಲಕ್ಕೆ ಬರುತ್ತದೆ, ತಳ ಮುಚ್ಚಿ ಸಮನಾಗಿರುತ್ತದೆ. ಸೈನ್ಯದ ಗುಂಡಿನಲ್ಲಿ ತಾಮ್ರ ಮೂತಿಯಿಂದ ಕೆಳಕ್ಕೆ ಇಳಿದು ತಳದಲ್ಲಿ ಮಡಚಿಕೊಳ್ಳುತ್ತದೆ. ಆ ಮಡಿಕೆ ಪ್ರತಿ ಗುಂಡಿನಲ್ಲೂ ಒಂದೇ ತೆರನಾಗಿರುವ ಭರವಸೆಯಿಲ್ಲ.

ಹಾಗಾಗಿ ಲೇಪದ ಗುಂಡು ಆರಿಸುವವರು ಮೊದಲು ಡಬ್ಬಿಯಿಂದ ಒಂದು ಹಿಡಿ ತೆಗೆದು ತಳ ನೋಡುತ್ತಾರೆ. ಬೇಯಿಸುವಾಗ ತಟ್ಟೆಗೆ ಅಂಟಿ ತಳದಂಚಿನಲ್ಲಿ ಬಣ್ಣದ ಚೂರು ನಿಂತಿದ್ದರೆ ಆ ತಯಾರಕನನ್ನು ಬಿಡುತ್ತಾರೆ. ತಳದಂಚು ಓರೆ ಮಾಡಿದ ಗುಂಡು ತೋಟಾದಲ್ಲಿ ಕೂರಿಸಲು ಸುಲಭ, ಆದರೆ ದೂರಕ್ಕೆ ಚಪ್ಪಟೆ ತಳವೇ ಲೇಸೆನ್ನುವವರು ಹೆಚ್ಚು. ಆಮೇಲೆ ಅಳತೆ. ಕವಚದ ಗುಂಡು ಸಾಮಾನ್ಯವಾಗಿ .451 ಅಂಗುಲ, ಸೀಸದ್ದು .452. ಆ ಸಾವಿರದ ಒಂದಂಶ ಹೆಚ್ಚಳವೇ ಅನಿಲ ಸೋರದಂತೆ ಗೀರನ್ನು ತುಂಬುವುದು. ಬಣ್ಣದಿಂದ ಗುಂಡು ದಪ್ಪಗಾಗುವುದರಿಂದ ಬೇಯಿಸಿದ ಮೇಲೆ ಮತ್ತೊಮ್ಮೆ ಅಳತೆಯ ಅಚ್ಚಿನಲ್ಲಿ ತೂರಿಸಿರಬೇಕು. ಕೆಲವನ್ನು ಸೂಕ್ಷ್ಮ ತಕ್ಕಡಿಯಲ್ಲಿಟ್ಟರೆ ಗಾಳಿಗುಳ್ಳೆಯ ಸುಳಿವೂ ಸಿಗುತ್ತದೆ. ಒಂದನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿದಾಗ ಬಣ್ಣ ಸಿಪ್ಪೆಯೇಳದೆ ಸೀಸದ ಜೊತೆಗೇ ಹರಡಿದರೆ ಬೇಯಿಸಿದ್ದು ಸರಿಯಾಗಿದೆ.

ಇಷ್ಟಾದರೂ ತೀರ್ಪು ಕಾಗದದ ಮೇಲೆಯೇ. ಪಿಸ್ತೂಲನ್ನು ಮರಳಿನ ಚೀಲದ ಮೇಲೋ ಯಂತ್ರದ ಹಿಡಿತದಲ್ಲೋ ಇಟ್ಟು, 50 ಗಜದಿಂದಲೇ ಹತ್ತು ಹತ್ತು ಗುಂಡು ಹೊಡೆದು ನೋಡಬೇಕು. ಮೂರು ಗುಂಡು ಒಂದೆಡೆ ಬಿದ್ದದ್ದನ್ನು ನೋಡಿ ಹಿಗ್ಗುವವರು ಮೋಸಹೋಗುತ್ತಾರೆ. 25 ಗಜದ ಫಲವನ್ನು ಎರಡರಿಂದ ಗುಣಿಸಿದರೂ ಆಗದು. ಓಲಾಡುವ ಗುಂಡಿನ ಚೆದುರು ದೂರ ಹೆಚ್ಚಿದಂತೆ ಲೆಕ್ಕ ಮೀರಿ ಬೆಳೆಯಬಹುದು.

ಸರಿ, ಲೇಪದ ಗುಂಡು ಮೂರು ಅಂಗುಲದಲ್ಲಿ, ಕವಚದ್ದು ಒಂದೂವರೆ ಅಂಗುಲದಲ್ಲಿ ಬಿತ್ತೆನ್ನೋಣ. ಅರ್ಧಕ್ಕರ್ಧ ವ್ಯತ್ಯಾಸ ಎನಿಸುತ್ತದೆ. ಆದರೆ ಕೈಯ ನಡುಕ ಮತ್ತು ಗುಂಡಿನ ಚೆದುರು ನೇರವಾಗಿ ಕೂಡುವುದಿಲ್ಲ. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಎರಡು ಬಾಹುಗಳಂತೆ, ವರ್ಗಗಳಾಗಿ ಕೂಡುತ್ತವೆ. ಎಂಟು ಅಂಗುಲದಲ್ಲಿ ಕೈ ಅಲುಗುವ ಹೊಸಬನಿಗೆ ಅಗ್ಗದ ಗುಂಡಿನಿಂದ ಒಟ್ಟು ಚೆದುರು 8.5 ಅಂಗುಲ, ದುಬಾರಿಯದರಿಂದ 8.1. ಖರ್ಚು ಮಾಡಿ ಗಳಿಸಿದ್ದು ಅರ್ಧ ಅಂಗುಲವೂ ಇಲ್ಲ. ಹತ್ತರ ವೃತ್ತದಷ್ಟರಲ್ಲೇ ಕೈ ನಿಲ್ಲಿಸಬಲ್ಲ ಪಳಗಿದವನಿಗೆ ಅದೇ ಲೆಕ್ಕ 4.5 ಮತ್ತು 3.7. ಅವನ ಮಟ್ಟಿಗೆ ಇದು ಗೆಲುವು ಸೋಲಿನ ಅಂತರ. ಹೊಸಬ ಆ ಹಣಕ್ಕೆ ಇನ್ನೊಂದು ಸಾವಿರ ಲೇಪದ ಗುಂಡು ಕೊಂಡು ಅಭ್ಯಾಸ ಮಾಡುವುದೇ ಜಾಣತನ.

ಪಳಗಿದವರೂ ಎಲ್ಲದಕ್ಕೂ ದುಬಾರಿ ಗುಂಡು ಬಳಸುವುದಿಲ್ಲ. ಒಂದು ಪಿಸ್ತೂಲಿನ 90 ಗುಂಡುಗಳಲ್ಲಿ 50 ಗಜದವು 30 ಮಾತ್ರ. ಉಳಿದ 60, ಐದು ಗುಂಡಿಗೆ 20 ಸೆಕೆಂಡು ಇಲ್ಲವೇ 10 ಸೆಕೆಂಡಿನ ಗಡುವಿನಲ್ಲಿ, 25 ಗಜಕ್ಕೆ ಹೊಡೆಯುವಂಥವು. ಆದ್ದರಿಂದ ಪೆಟ್ಟಿಗೆಯಲ್ಲಿ ಎರಡು ಡಬ್ಬಿ: ಉದ್ದದ ಸಾಲಿಗೆ ತಾಮ್ರ, ಗಿಡ್ಡ ಸಾಲಿಗೆ ಬಣ್ಣ. ಎರಡಕ್ಕೂ ದೃಷ್ಟಿಗೂಟದ ಹೊಂದಿಕೆ ಬೇರೆ ಬೇರೆ, ಅದನ್ನು ಮರೆತರೆ ಮೊದಲ ಹತ್ತು ಗುಂಡೂ ವ್ಯರ್ಥ.

ಅಂಕಗಳಾಚೆ ಇನ್ನೊಂದು ಲೆಕ್ಕವಿದೆ. ಸೀಸ ವಿಷ. ಎರಕದ ಕೆಲಸದಲ್ಲೂ ಮುಚ್ಚಿದ ಗುರಿಶಾಲೆಗಳಲ್ಲೂ ಅದು ಧೂಳಾಗಿ ಉಸಿರಿಗೆ, ಕೈಯಿಂದ ಊಟಕ್ಕೆ, ಬಟ್ಟೆಯಲ್ಲಿ ಮನೆಗೆ ಬರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಅಪಾಯ ಹೆಚ್ಚು. ಅಡುಗೆಮನೆಯ ಒಲೆ ಬೇಡವೆಂದದ್ದು ಇದಕ್ಕೇ. ತಳವೂ ಮುಚ್ಚಿರುವ ಲೇಪದ ಗುಂಡಿನಿಂದ ಬಿಸಿ ಅನಿಲ ಸೀಸವನ್ನು ತಾಕುವುದು ತಪ್ಪುತ್ತದೆ. ಕೈಗೂ ಸೀಸ ಹತ್ತದು. ಆದರೆ ಮದ್ದಿಗೆ ಕಿಡಿ ಕೊಡುವ ಕೇಪಿನಲ್ಲೂ ಸಾಮಾನ್ಯವಾಗಿ ಸೀಸದ ಸಂಯುಕ್ತವಿರುತ್ತದೆ. ಗುಂಡು ಹಿಂಬದಿಯ ಉಕ್ಕಿಗೆ ಬಡಿದು ಪುಡಿಯಾದಾಗಲೂ ಧೂಳೇಳುತ್ತದೆ. ಆದ್ದರಿಂದ ಬಣ್ಣದ ಗುಂಡು ಹೊಡೆದವನೂ ಕೈ ತೊಳೆಯದೆ ತಿಂಡಿ ಮುಟ್ಟುವಂತಿಲ್ಲ.

50ರ ದೂರ ಎಲ್ಲೆಡೆಯೂ ಉಳಿದಿಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರಲ್ಲಿ ರಿಯೊದಲ್ಲಿ ಸ್ಪರ್ಧಿಸಿದ್ದ 50 ಮೀಟರ್ ಪಿಸ್ತೂಲು ಸ್ಪರ್ಧೆಯನ್ನು ಅದರ ಮರು ಒಲಿಂಪಿಕ್ಸ್‌ನಿಂದ ಕೈಬಿಡಲಾಯಿತು. ಅಲ್ಲಿ ಬಳಸುತ್ತಿದ್ದುದು .22 ತೋಟಾ, ಕಾರ್ಖಾನೆಯಲ್ಲೇ ಮೇಣ ಸವರಿದ ಸೀಸದ ಗುಂಡು, ಮನೆಯಲ್ಲಿ ತುಂಬುವಂಥದ್ದಲ್ಲ. ಅಮೆರಿಕದ ಬುಲ್ಸ್‌ಐನಲ್ಲಿ ಮಾತ್ರ ಉದ್ದದ ಸಾಲು ಉಳಿದಿದೆ. ಪಂದ್ಯ ಮುಗಿದ ಸಂಜೆ ಗುರಿಕಾರ ನಳಿಗೆಯಲ್ಲಿ ಬಿಳಿಯ ಬಟ್ಟೆಯ ಚೂರನ್ನು ತೂರಿಸಿ ಹೊರಗೆಳೆಯುತ್ತಾನೆ. ಅದರ ಮೇಲೆ ಮಸಿಯಷ್ಟೇ ಇದ್ದರೆ ಲೇಪ ನಿಂತಿದೆ ಎಂದರ್ಥ. ಬೂದುಬಣ್ಣದ ಹೊಳೆವ ಎಳೆಗಳು ಕಂಡರೆ ಅದು ಸೀಸ, ಆ ಡಬ್ಬಿಯ ಉಳಿದ ಗುಂಡುಗಳು 25 ಗಜದ ಅಭ್ಯಾಸಕ್ಕೆ.